ಐದನೇ ಬಾಗಿಲು

ರಾತ್ರಿ ತಾನಾಗಿ ಅಪ್‌ಡೇಟ್ ಆಗಿದೆ.
ಬೆಳಿಗ್ಗೆ ಬಂದು ಕೂತರೆ ಅಂಗಡಿ ನನ್ನದಲ್ಲ:
ಎಡಕ್ಕಿದ್ದ ಬುಟ್ಟಿ ಬಲಕ್ಕೆ ಹೋಗಿದೆ,
ದನಿಯ ಏರಿಳಿತಕ್ಕೆ ಕುಣಿಯುತ್ತಿದ್ದ ಹಸಿರು ಕಂಬಗಳನ್ನು
ಎಲ್ಲೋ ಮಡಚಿ ಇಟ್ಟಿದ್ದಾರೆ,
ಬೂದುಬಣ್ಣದ ಬಯಲಿನ ನಡುವೆ
ಬಟ್ಟೆ ಅಂಗಡಿಯ ಹೊಸ ಹುಡುಗನ ಹಾಗೆ
‘ಏನು ಮಾಡಬೇಕೆಂದಿದ್ದೀರಿ?’ ಎನ್ನುವ ಒಂದು ಖಾಲಿ ಡಬ್ಬಿ.

ಏನು ಮಾಡಬೇಕೆಂದಿದ್ದೇನೆ!
ಕಾರಟಗಿಯ ಮದುವೆ, ಎರಡು ಕ್ಯಾಮೆರಾ, ಒಂದು ಡ್ರೋನು,
ಎಲ್ಲ ಕೂಡಿ ಹನ್ನೊಂದು ತಾಸು.
ಅದನ್ನು ಮೂರಕ್ಕೆ ಇಳಿಸಬೇಕಪ್ಪ,
ಬ್ಲೇಡು ಎಲ್ಲಿಟ್ಟೆ ಹೇಳು.

ಗಂಗಾವತಿಯ ಈ ಎರಡನೇ ಮಹಡಿ.
ಕೆಳಗೆ ಮಿಲ್ಲಿನ ಬೆಲ್ಟು ಬೇರಿಂಗು ಮಾರುವವರು.
ಕಿಟಕಿ ತೆರೆದರೆ ಹೊಟ್ಟಿನ ಬೂದಿ
ಕೀಲಿಮಣೆಯ ಮೇಲೆ ಬಂದು ಕೂರುತ್ತದೆ.
ಹತ್ತೊಂಬತ್ತು ವರ್ಷ ಒರೆಸಿ ಒರೆಸಿ, ಒತ್ತಿ ಒತ್ತಿ
ಸಿ ಅಕ್ಷರ ಪೂರ್ತಿ ಬೋಳು, ಝಡ್ ಅರ್ಧ.
ಯಾವುದು ಎಲ್ಲಿದೆ ಎಂದು ಯಾರಾದರೂ ಕೇಳಿದರೆ
ಕೈಯನ್ನು ಗಾಳಿಯಲ್ಲಿ ಆಡಿಸಿ ನೋಡಿ ಹೇಳುತ್ತೇನೆ.
ಬೆರಳಿಗೆ ಗೊತ್ತು, ನನಗಲ್ಲ.

ಹುಲಿಗೆಮ್ಮ ಬಂದು ಎಂಟು ತಿಂಗಳು.
ಮೊಬೈಲಿನಲ್ಲಿ, ಬರಿ ಹೆಬ್ಬೆಟ್ಟಿನಿಂದ ಕಲಿತವಳು
(ಹೆಬ್ಬೆಟ್ಟು ಎಂದು ನಾವು ಯಾರನ್ನೋ ನಗುತ್ತಿದ್ದ ಕಾಲವೊಂದಿತ್ತು).
ಮೊದಲ ದಿನವೇ ಕೇಳಿದ್ದಳು:
‘ಎರ್ರಿಸ್ವಾಮಿ ಸರ್, ಗಡ್ಡ ಹೆರೆಯೋ ಬ್ಲೇಡ್ ಯಾಕೈತ್ರಿ ಇಲ್ಲಿ?
ಈ ಸಣ್ಣ ಬೀರು ಒತ್ತಿದ್ರ ಉಳೀತೈತಂತ, ಇದೇನ್ರಿ?’
ಫ್ಲಾಪಿ ಎಂದೆ. ಹಂಗಂದ್ರ? ಎಂದಳು.
ನನಗೇ ನಗು ಬಂತು.
ನಾನಾದರೂ ರೀಲನ್ನು ಬ್ಲೇಡಿನಲ್ಲಿ ಕೊಯ್ದವನೇ?
ಮಾಬುಸಾಬರು ಎರಡು ವಿಸಿಆರ್ ಎದುರುಬದುರು ಇಟ್ಟು
ಇದರಲ್ಲಿ ಪ್ಲೇ, ಅದರಲ್ಲಿ ರೆಕಾರ್ಡು,
ಉಸಿರು ಬಿಗಿಹಿಡಿದು ಒತ್ತುವುದನ್ನು ಕಲಿಸಿದ್ದರು.
ಸತ್ತ ಸಾಮಾನುಗಳ ಚಿತ್ರ ಒತ್ತಿಕೊಂಡೇ
ಇಷ್ಟು ಮದುವೆ ಮುಗಿಸಿದ್ದೇವೆ.

ಹಾಗಾದರೆ ಬದಲಾಗಲಿ ಅನ್ನಲೇ?
‘ಎಷ್ಟ್ ಬಯಲಾತ್ರಿ ಸರ್, ಉಸಿರಾಡಾಕ ಬರ್ತೈತಿ’
ಎಂದು ಬೆಳಿಗ್ಗೆಯಿಂದ ಅವಳ ಹಿಗ್ಗು.
ನಿಜ. ಅಕ್ಷರ ದಪ್ಪಗಾಗಿವೆ, ನನ್ನ ಕಣ್ಣಿಗೂ ಅದು ಬೇಕಿತ್ತು.
ಹಳೆಯದರಲ್ಲಿ ನಾನು ಒಮ್ಮೆಯೂ ಮುಟ್ಟದ
ಇನ್ನೂರು ಗುಂಡಿಗಳಿದ್ದವು.

ಮಧ್ಯಾಹ್ನ ಕಾರಟಗಿಯಿಂದ ಮದುಮಗನ ಅಣ್ಣ ಬಂದ.
ಹೊಲದ ಹಂಚಿಕೆಯಲ್ಲಿ ಮಾತು ಬಿಟ್ಟಿದ್ದಾರಂತೆ.
‘ನಮ್ಮ ಸ್ವಾದರಮಾವನ್ನ ತೆಗೀರಿ. ಎಲ್ಲಾ ಕಡೆ.’

ಇಂಥವು ನನಗೆ ಹೊಸದಲ್ಲ.
ಹಳೆಯ ಆವೃತ್ತಿಯಲ್ಲಿ ಒಬ್ಬ ಮನುಷ್ಯನನ್ನು ಅಳಿಸಲು
ಐದು ಬಾಗಿಲು ದಾಟಬೇಕು.
ಮೆನುವಿನೊಳಗೆ ಮೆನು, ಅದರೊಳಗೆ ಮತ್ತೊಂದು,
ಆಮೇಲೆ ಅವನ ಸುತ್ತ ಚುಕ್ಕಿ ಚುಕ್ಕಿ ಗೆರೆ,
ಅವನು ಅಲುಗಿದಂತೆಲ್ಲ ನಾನೂ ಅಲುಗಬೇಕು.
‘ಮೂರು ದಿನ ಹಿಡೀತೈತಿ, ಚಾ ಕುಡೀರಿ’ ಅನ್ನುತ್ತಿದ್ದೆ.
ಮೂರನೇ ದಿನ ಫೋನು ಬರುತ್ತಿತ್ತು:
‘ಇರ್ಲಿ ಬಿಡ್ರಿ, ಒಂದ್ ಮೂಲ್ಯಾಗ ನಿಂತಾನ.’
ಆ ಬಾಗಿಲು ಇಟ್ಟವನಿಗೆ ಇದು ಹೊಳೆದಿತ್ತೋ,
ಬರಿ ಕೆಟ್ಟ ಕೆಲಸವೋ, ನಾನರಿಯೆ.

ಈಗ ಗುಂಡಿ ಎದುರಿಗೇ ಇದೆ, ದುಂಡಗೆ, ನೀಲಿ.
ಹುಲಿಗೆಮ್ಮ ಒತ್ತಿದಳು.
ಚಾ ಹೇಳಲು ಹೋದ ಹುಡುಗ ಮೆಟ್ಟಿಲು ಇಳಿದಿರಲಿಲ್ಲ,
ಮಾವ ಇಲ್ಲ.
ಅವನು ಹಿಡಿದಿದ್ದ ಅಕ್ಷತೆಯ ತಟ್ಟೆ ಮಾತ್ರ
ಯಾರ ಕೈಯೂ ಇಲ್ಲದೆ ಜನರ ನಡುವೆ ಸಾಗುತ್ತಿದೆ,
ಜನ ಕೈ ಹಾಕಿ ಕಾಳು ತೆಗೆದುಕೊಳ್ಳುತ್ತಿದ್ದಾರೆ.

ಅಣ್ಣ ನೋಡಿದ. ಇನ್ನೊಮ್ಮೆ ಹಾಕಿಸಿದ.
‘ತಾಟೂ ತೆಗೀಲೇನ್ರಿ?’ ಎಂದಳು ಹುಲಿಗೆಮ್ಮ.
ಅವನು ಮಾತಾಡಲಿಲ್ಲ.

ನನ್ನ ಎಡಗೈ ತಾನಾಗಿ ಹೋಗಿ
ಅರ್ಧ ಸವೆದ ಝಡ್ ಮೇಲೆ ನಿಂತಿತ್ತು.
ಮಾಡಿದ್ದನ್ನು ಮಾಡದಂತೆ ಮಾಡುವುದು.
ಅದೊಂದನ್ನು ಅವರು ಎಲ್ಲಿಗೂ ಒಯ್ದಿಲ್ಲ.
ಒತ್ತಲಿಲ್ಲ ನಾನು. ಬೆರಳಿಟ್ಟುಕೊಂಡು ಕೂತೆ,
ಚಾ ಬರಲಿ ಎಂದು.